ಕವಡೆಯಿಂದ ನಾಡು ಕಟ್ಟುವ ಬಗೆ: ಯದೃಚ್ಛೆ, ಕಲ್ಪಿತ ನಕಾಶೆ ಮತ್ತು ನಿಪ್ಪಾಣಿಯ ಸೀಮೆ

ಎಲ್ಲಿಯೂ ಇಲ್ಲದ ನಾಡೊಂದನ್ನು ಮನಸ್ಸಿನಲ್ಲಿ ಕಲ್ಪಿಸಿ, ಅದರ ಬೆಟ್ಟ, ಹೊಳೆ, ಊರು, ಸೀಮೆಗಳನ್ನು ನಕಾಶೆಯಲ್ಲಿ ಬರೆದಿಡುವುದು ಕಾದಂಬರಿಕಾರರಿಗೂ ಮಕ್ಕಳಿಗೂ ಬಹುಕಾಲದಿಂದ ಪ್ರಿಯವಾದ ಕೆಲಸ. ಅಂಥ ನಾಡನ್ನು ಕರ್ತೃವಿನ ಇಚ್ಛೆಗೆ ಬಿಡದೆ ದಾಳದ ಅಥವಾ ಕವಡೆಯ ಬೀಳುವಿಕೆಗೆ ಒಪ್ಪಿಸಿ ಕಟ್ಟುವ ಪದ್ಧತಿಯು ಕಳೆದ ಐವತ್ತು ವರ್ಷಗಳಲ್ಲಿ ವಿಶೇಷವಾಗಿ ಬೆಳೆದಿದೆ. ಇದು ಕೇವಲ ವಿನೋದವೆಂದು ತೋರಬಹುದು. ಆದರೆ ಇತಿಹಾಸವನ್ನು ಕಲಿಸುವವರಿಗೆ ಇದರಿಂದ ಒಂದು ಪ್ರಯೋಜನವಿದೆ ಎಂಬುದು ನಮ್ಮ ಅಭಿಪ್ರಾಯ. ನಡೆದುಹೋದುದೆಲ್ಲವೂ ಹಾಗೆಯೇ ನಡೆಯಬೇಕಾಗಿತ್ತೆಂದು ನಂಬುವುದು ವಿದ್ಯಾರ್ಥಿಗಳ ಸಾಮಾನ್ಯ ದೋಷ; ಎಲ್ಲವೂ ದೈವಯೋಗವೆಂದು ಕೈಬಿಡುವುದು ಅದರ ಮತ್ತೊಂದು ಮುಖ. ಈ ಎರಡರ ನಡುವೆ ದಾರಿ ಯಾವುದೆಂಬುದನ್ನು ಕವಡೆಯಿಂದ ಕಟ್ಟಿದ ನಾಡು ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ಪ್ರಸ್ತುತ ಲೇಖನದಲ್ಲಿ ಮೊದಲು ನಮ್ಮ ದೇಶದಲ್ಲಿ ಯದೃಚ್ಛೆಗೂ ಕಲ್ಪಿತ ಲೋಕಕ್ಕೂ ಇದ್ದ ಸಂಬಂಧವನ್ನು ವಿಚಾರಿಸಿ, ಬಳಿಕ ನಾಡು ಕಟ್ಟುವ ಕ್ರಮವನ್ನು ವಿವರಿಸಿ, ಕೊನೆಗೆ ಅದನ್ನು ನಿಪ್ಪಾಣಿ-ಚಿಕ್ಕೋಡಿಗಳ ನಿಜವಾದ ಭೂಮಿಯೊಡನೆ ಹೋಲಿಸಿ ನೋಡುತ್ತೇವೆ.

ಯದೃಚ್ಛೆ ಎಂದರೆ ಮುಂದಾಗಿ ಹೇಳಲಾಗದೆ ತಾನಾಗಿ ಒದಗುವುದು. ಭಾರತೀಯರು ಇದನ್ನು ಜೂಜಿನ ಹಲಗೆಯ ಮೇಲೆ ಬಹು ಹಿಂದೆಯೇ ಪರಿಚಯಿಸಿಕೊಂಡಿದ್ದರು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಸೂಕ್ತವಿದೆ; ಅಲ್ಲಿಯ ಅಕ್ಷಗಳು ತಾರೆಮರದ ಕಾಯಿಗಳು. ಮಹಾಭಾರತದ ನಳೋಪಾಖ್ಯಾನದಲ್ಲಿ ಇನ್ನೂ ಸ್ವಾರಸ್ಯಕರವಾದ ಪ್ರಸಂಗವೊಂದು ಬರುತ್ತದೆ. ಋತುಪರ್ಣ ರಾಜನು ರಥದಲ್ಲಿ ಹೋಗುತ್ತಿರುವಾಗ ತಾರೆಮರವೊಂದರ ಎಲೆಗಳನ್ನೂ ಕಾಯಿಗಳನ್ನೂ ಎಣಿಸದೆಯೇ ಅಂದಾಜಿನಿಂದ ಹೇಳುತ್ತಾನೆ. ಸಾರಥಿಯ ವೇಷದಲ್ಲಿದ್ದ ನಳನು ಇಳಿದು ಎಣಿಸಿ ನೋಡಲಾಗಿ ಲೆಕ್ಕ ಸರಿಬರುತ್ತದೆ. ಈ ಎಣಿಕೆಯ ವಿದ್ಯೆಯನ್ನೂ ಅಕ್ಷಹೃದಯವನ್ನೂ, ಅಂದರೆ ದಾಳದ ಮರ್ಮವನ್ನೂ, ಬಲ್ಲವನು ಒಬ್ಬನೇ ಎಂದು ಕಥೆಯು ಹೇಳುವುದು ಗಮನಾರ್ಹ. ಅಂದಾಜು ಮತ್ತು ಯದೃಚ್ಛೆಗಳು ಒಂದೇ ಶಾಸ್ತ್ರದ ಎರಡು ಅಂಗಗಳೆಂಬುದು ಯುರೋಪಿನಲ್ಲಿ ಹದಿನೇಳನೆಯ ಶತಮಾನದಿಂದೀಚೆಗೆ ಸ್ಪಷ್ಟವಾದ ವಿಷಯ.

ಕನ್ನಡ ನಾಡಿನಲ್ಲಿ ಈ ವಿಷಯಕ್ಕೆ ಗಣಿತದ ಆಧಾರವನ್ನು ಒದಗಿಸಿದವನು ಮಹಾವೀರಾಚಾರ್ಯ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಒಂಬತ್ತನೆಯ ಶತಮಾನದಲ್ಲಿ, ರಚಿತವಾದ ಅವನ ಗಣಿತಸಾರಸಂಗ್ರಹದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳೆಷ್ಟೆಂಬುದಕ್ಕೆ ಸಾಮಾನ್ಯ ಸೂತ್ರವಿದೆ. ಆ ಸೂತ್ರವನ್ನು ಕವಡೆಗಳಿಗೆ ಅನ್ವಯಿಸೋಣ. ನಾಲ್ಕು ಕವಡೆಗಳನ್ನು ಚೆಲ್ಲಿದಾಗ ಒಟ್ಟು ಹದಿನಾರು ಬಗೆಯಾಗಿ ಬೀಳಬಲ್ಲವು. ಅವುಗಳಲ್ಲಿ ಒಂದೂ ಅಂಗಾತವಾಗದಿರುವುದು 1 ಬಗೆ, ಒಂದೇ ಅಂಗಾತವಾಗುವುದು 4, ಎರಡು ಅಂಗಾತವಾಗುವುದು 6, ಮೂರು 4, ನಾಲ್ಕೂ ಅಂಗಾತವಾಗುವುದು 1. ಚೌಕಾಬಾರ ಆಡುವ ನಮ್ಮ ಮನೆಗಳ ಹೆಂಗಸರು ಈ ಸೂತ್ರವನ್ನು ಓದಿದವರಲ್ಲ. ಆದರೂ ಅಪರೂಪವಾಗಿ ಬೀಳುವ ಎರಡು ಪಂಕ್ತಿಗಳಿಗೇ, ಅಂದರೆ ನಾಲ್ಕೂ ಅಂಗಾತವಾದ ಚೌಕಕ್ಕೂ ನಾಲ್ಕೂ ಬೋರಲಾದ ಬಾರಕ್ಕೂ, ಹೆಚ್ಚಿನ ಬೆಲೆಯನ್ನೂ ಮರು ಆಟದ ಅವಕಾಶವನ್ನೂ ಕೊಟ್ಟಿದ್ದಾರೆ. ನಿಜವಾದ ಕವಡೆಯು ಎರಡೂ ಮಗ್ಗುಲಿಗೆ ಸಮನಾಗಿ ಬೀಳುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಡಬೇಕು. ಲೆಕ್ಕದ ಸೌಕರ್ಯಕ್ಕಾಗಿ ಸಮನಾಗಿ ಬೀಳುವುದೆಂದು ಭಾವಿಸಿದ್ದೇವೆ. ನಿಷ್ಠುರರಾದವರು ನಾಲ್ಕು ನಾಣ್ಯಗಳನ್ನು ಬಳಸಬಹುದು.

ಯದೃಚ್ಛೆಯಿಂದ ಒಂದು ಪಠ್ಯವನ್ನೇ ಹೊರಡಿಸುವ ಪದ್ಧತಿಯೂ ನಮ್ಮಲ್ಲಿ ಇತ್ತು. ಪಾಶಕಕೇವಲೀ ಎಂಬ ಶಕುನಗ್ರಂಥಗಳಲ್ಲಿ ಒಂದರಿಂದ ನಾಲ್ಕರವರೆಗೆ ಅಂಕಗಳಿರುವ ದಾಳವನ್ನು ಮೂರು ಸಲ ಎಸೆದು, ಬಂದ ಮೂರು ಅಂಕಗಳಿಗೆ ತಕ್ಕ ಫಲವನ್ನು ಓದಿಕೊಳ್ಳಬೇಕು. ನಾಲ್ಕನ್ನು ಮೂರು ಸಲ ಗುಣಿಸಿದರೆ 64 ಫಲಗಳು. 1890ರಲ್ಲಿ ಮಧ್ಯ ಏಷ್ಯದ ಕುಚಾ ಎಂಬಲ್ಲಿ ದೊರೆತು ಬೋವರ್ ಹಸ್ತಪ್ರತಿಯೆಂದು ಪ್ರಸಿದ್ಧವಾದ, ಹಾರ್ನ್ಲೆ ಪಂಡಿತರು ಸಂಪಾದಿಸಿದ ಪ್ರಾಚೀನ ಗ್ರಂಥಸಮುಚ್ಚಯದಲ್ಲಿಯೂ ಇಂಥ ಭಾಗಗಳಿವೆ. ಇಲ್ಲಿ ದಾಳವು ಹೊಸದಾಗಿ ಏನನ್ನೂ ನಿರ್ಮಿಸುವುದಿಲ್ಲ. 64 ಫಲಗಳು ಮೊದಲೇ ಬರೆದಿಟ್ಟವು. ದಾಳವು ಅವುಗಳಲ್ಲಿ ಒಂದನ್ನು ಮುಟ್ಟಿ ತೋರಿಸುತ್ತದೆ, ಅಷ್ಟೆ.

ಪಟದ ಆಟಗಳಲ್ಲಿಯೂ ಇದೇ ಸ್ಥಿತಿ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಆಡುವ ಪರಮಪದ ಸೋಪಾನಪಟವು ಕನ್ನಡಿಗರಿಗೆ ಪರಿಚಿತವಾದುದು. ಮರಾಠಿ ಸೀಮೆಯಲ್ಲಿ ಇದರ ಸೋದರವಾದ ಮೋಕ್ಷಪಟವನ್ನು ಸಂತ ಜ್ಞಾನೇಶ್ವರರ ಹೆಸರಿನೊಡನೆ ಸಂಪ್ರದಾಯವು ಕೂಡಿಸುತ್ತದೆ; ಉತ್ತರದಲ್ಲಿ ಅದಕ್ಕೆ ಜ್ಞಾನಚೌಪಡ ಎಂದು ಹೆಸರು. ಈ ಪಟಗಳನ್ನು ಕುರಿತು ಆಂಡ್ರೂ ಟಾಪ್ಸ್‌ಫೀಲ್ಡ್ 1985ರಲ್ಲಿ ಪ್ರಕಟಿಸಿದ ಅಭ್ಯಾಸದಿಂದೀಚೆಗೆ ಅನೇಕ ಸಂಗತಿಗಳು ಬೆಳಕಿಗೆ ಬಂದಿವೆ. ವೈಷ್ಣವ ಪಟಗಳಲ್ಲಿ ಸಾಮಾನ್ಯವಾಗಿ 72 ಮನೆಗಳು, ಜೈನ ಪಟಗಳಲ್ಲಿ 84. ಕೆಳಗೆ ನರಕಗಳು, ನಡುವೆ ಮನುಷ್ಯಲೋಕ, ಮೇಲೆ ಸ್ವರ್ಗಗಳು, ತುತ್ತತುದಿಯಲ್ಲಿ ಮುಕ್ತರ ನೆಲೆ. ಸದ್ಗುಣವು ಏಣಿ, ದುರ್ಗುಣವು ಹಾವು. ಇಂಗ್ಲಿಷರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ತಮ್ಮ ಮಕ್ಕಳ ಹಾವು-ಏಣಿಯ ಆಟವಾಗಿ ಮಾಡಿಕೊಂಡಾಗ ಮನೆಗಳ ಹೆಸರುಗಳು ಕ್ರಮೇಣ ಅಳಿಸಿಹೋಗಿ ಅಂಕಿಗಳು ಮಾತ್ರ ಉಳಿದವು. ನಕಾಶೆ ಹೋಗಿ ಹಲಗೆ ಉಳಿಯಿತು ಎಂದೇ ಹೇಳಬೇಕು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಪಟಗಳಲ್ಲಿ ಅಪಾರ ಆಸಕ್ತಿ ತಳೆದು, ತಾವೇ ಹೊಸ ಆಟಗಳನ್ನು ಕಲ್ಪಿಸಿದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯು ಆಟಗಳಿಗೆ ಮೀಸಲು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆಯೂ ಅವರ ಆಟಗಳ ಚಿತ್ರಗಳಿವೆ.

ಜೈನ ಪಟದ ಹಿಂದಿರುವ ಲೋಕಕಲ್ಪನೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ. ಏಕೆಂದರೆ ಶೇಡಬಾಳ, ಭೋಜ, ಸ್ತವನಿಧಿಗಳಂಥ ಕ್ಷೇತ್ರಗಳಿರುವ ಈ ಸೀಮೆಯಲ್ಲಿ ಅದು ಜೀವಂತವಾದ ಪರಂಪರೆ. ಆ ಕಲ್ಪನೆಯಲ್ಲಿ ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನ. ಅದನ್ನು ಸುತ್ತಿದ ಲವಣಸಮುದ್ರದ ಅಗಲ ಎರಡು ಲಕ್ಷ, ಅದರಾಚೆಯ ಧಾತಕೀಖಂಡ ನಾಲ್ಕು ಲಕ್ಷ. ಹೀಗೆ ಇಮ್ಮಡಿಸುತ್ತಾ ದ್ವೀಪಸಮುದ್ರಗಳ ಬಳೆಗಳು ಸಾಗುತ್ತವೆ. ಜಂಬೂದ್ವೀಪದೊಳಗೆ ಏಳು ಕ್ಷೇತ್ರಗಳು, ಅವುಗಳನ್ನು ಬೇರ್ಪಡಿಸುವ ಆರು ಪರ್ವತಗಳು. ದಕ್ಷಿಣದ ಭರತಕ್ಷೇತ್ರವನ್ನು ಒಂದು ಭಾಗವೆಂದರೆ ಹಿಮವತ್ಪರ್ವತ ಎರಡು, ಹೈಮವತ ನಾಲ್ಕು, ಎಂದು ನಡುವಿನ ವಿದೇಹದವರೆಗೆ 64 ಭಾಗಗಳಾಗಿ ಬೆಳೆದು, ಮತ್ತೆ ಅದೇ ಕ್ರಮದಲ್ಲಿ ಇಳಿದು ಉತ್ತರದ ಐರಾವತಕ್ಕೆ ಬಂದಾಗ ಒಂದೇ ಭಾಗವಾಗುತ್ತದೆ. ಒಟ್ಟು 190 ಭಾಗಗಳು. ಒಂದು ಲಕ್ಷವನ್ನು 190ರಿಂದ ಭಾಗಿಸಿದರೆ ಭರತಕ್ಷೇತ್ರದ ವಿಸ್ತಾರವು 526 ಯೋಜನ ಹಾಗೂ ಒಂದು ಯೋಜನದ ಹತ್ತೊಂಬತ್ತರಲ್ಲಿ ಆರು ಪಾಲು ಎಂದು ದೊರೆಯುತ್ತದೆ. ಆಗಮಗಳು ಕೊಡುವ ಅಳತೆಯೂ ಇದೇ. ಇಷ್ಟು ಅಚ್ಚುಕಟ್ಟಾದ ನಕಾಶೆಯನ್ನು ಬೇರೆಡೆ ಕಾಣುವುದು ಕಷ್ಟ. ಇದರಲ್ಲಿ ಯದೃಚ್ಛೆಗೆ ಎಳ್ಳಷ್ಟೂ ಎಡೆಯಿಲ್ಲ. ಹೊಳೆಯೂ ಬೆಟ್ಟವೂ ಸಂಖ್ಯೆಯ ನಿಯಮದಿಂದ ಹುಟ್ಟಿವೆ. ದಾಳವು ಚಲಿಸುವುದು ಅದರ ಮೇಲೆ ನಡೆಯುವ ಜೀವನನ್ನು ಮಾತ್ರ.

ಆಧುನಿಕ ಪದ್ಧತಿಯು ಈ ಸಂಬಂಧವನ್ನು ತಿರುವುಮುರುವು ಮಾಡಿತು. 1977ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ‘ಟ್ರಾವೆಲರ್’ ಎಂಬ ಆಟದಲ್ಲಿ ಷಟ್ಕೋನಗಳಿಂದ ತುಂಬಿದ ಬರಿಯ ಹಾಳೆಯೊಂದನ್ನು ಮುಂದಿಟ್ಟುಕೊಂಡು, ಪ್ರತಿ ಕೋನಕ್ಕೂ ಒಂದೊಂದು ದಾಳವನ್ನು ಎಸೆಯುತ್ತಾರೆ. ನಾಲ್ಕು, ಐದು, ಆರು ಬಿದ್ದರೆ ಅಲ್ಲೊಂದು ಲೋಕವಿದೆ, ಇಲ್ಲವಾದರೆ ಶೂನ್ಯ. ಆ ಲೋಕದ ಗಾತ್ರಕ್ಕೆ ಮತ್ತೊಂದು ಎಸೆತ, ವಾಯುಮಂಡಲಕ್ಕೆ ಇನ್ನೊಂದು. ಆದರೆ ವಾಯುಮಂಡಲದ ಎಸೆತಕ್ಕೆ ಗಾತ್ರದ ಅಂಕವನ್ನು ಕೂಡಿಸಬೇಕೆಂಬ ನಿಯಮವಿದೆ. ಚಿಕ್ಕ ಗೋಲಕ್ಕೆ ದಟ್ಟವಾದ ಗಾಳಿಯು ನಿಲ್ಲದಷ್ಟೆ. 1984ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ತರುಣರು ರಚಿಸಿದ ‘ಎಲೀಟ್’ ಎಂಬ ಗಣಕಯಂತ್ರದ ಆಟದಲ್ಲಿ ತಲಾ 256 ತಾಣಗಳ ಎಂಟು ನಕ್ಷತ್ರಮಂಡಲಗಳಿದ್ದವು. ಅಷ್ಟನ್ನೂ ಬರೆದಿಡಲು ಅಂದಿನ ಯಂತ್ರದಲ್ಲಿ ಸ್ಥಳವಿರಲಿಲ್ಲ. ಬೀಜಪ್ರಾಯವಾದ ಕೆಲವೇ ಅಂಕಗಳಿಂದ ಒಂದು ಕ್ರಿಯೆಯ ಮೂಲಕ ಅವು ಬೇಕಾದಾಗ ಮೂಡುತ್ತಿದ್ದವು. ಬೀಜ ಅದೇ ಆದರೆ ಲೋಕವೂ ಅದೇ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಇವೆಲ್ಲ ಆಟದ ಮಾತಾಯಿತು. ವಿಜ್ಞಾನದಲ್ಲಿಯೂ ಇದಕ್ಕೆ ಸಮಾನವಾದ ಪ್ರಯೋಗ ನಡೆದಿದೆ. ಅಮೆರಿಕೆಯ ಭೂವಿಜ್ಞಾನ ಇಲಾಖೆಯ ಲೂನಾ ಲಿಯೊಪೋಲ್ಡ್ ಮತ್ತು ವಾಲ್ಟರ್ ಲ್ಯಾಂಗ್‌ಬೈನ್ 1962ರಲ್ಲಿ ಚೌಕುಳಿ ಕಾಗದದ ಮೇಲೆ ಹೊಳೆಗಳನ್ನು ಯದೃಚ್ಛೆಯಿಂದ ಹರಿಸಿ ನೋಡಿದರು. ಪ್ರತಿಯೊಂದು ಚೌಕದ ನೀರು ನಾಲ್ಕು ದಿಕ್ಕುಗಳಲ್ಲಿ ಯಾವ ಕಡೆಗಾದರೂ ಹೋಗಬಹುದು. ತಿರುಗಿ ತನ್ನ ಮೇಲೆಯೇ ಬರಕೂಡದೆಂಬುದು ನಿರ್ಬಂಧ. ಇಷ್ಟರಿಂದಲೇ ಹಳ್ಳಗಳು ಕೂಡಿ ಹೊಳೆಯಾಗಿ, ಹೊಳೆಗಳು ಕೂಡಿ ನದಿಯಾಗಿ, ರಾಬರ್ಟ್ ಹಾರ್ಟನ್ 1945ರಲ್ಲಿ ನಿಜವಾದ ನದಿಗಳನ್ನು ಅಳೆದು ಕಂಡ ಪ್ರಮಾಣಗಳಿಗೆ ಹತ್ತಿರವಾದ ಜಾಲವು ಮೂಡಿತು. ಅಂದರೆ ಯದೃಚ್ಛೆಗೆ ಒಂದು ಸರಿಯಾದ ಕಟ್ಟಳೆಯನ್ನು ಹಾಕಿದರೆ ಸಾಕು, ಪ್ರಕೃತಿಯ ಮುಖಲಕ್ಷಣವು ಅದರಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಪ್ರಶಾಂತಚಂದ್ರ ಮಹಾಲನೋಬಿಸರು ಬಂಗಾಲದ ಸೆಣಬಿನ ಬೆಳೆಯನ್ನು ಅಂದಾಜು ಮಾಡಲು ನಿಜವಾದ ನಕಾಶೆಯ ಮೇಲೆ ಬಿಂದುಗಳನ್ನು ಯದೃಚ್ಛೆಯಿಂದ ಆರಿಸಿಕೊಂಡುದೂ ಇದೇ ಬುದ್ಧಿಯ ಇನ್ನೊಂದು ಉಪಯೋಗ.

ಈಗ ನಾಡನ್ನು ಕಟ್ಟುವ ಕ್ರಮ. ಹತ್ತಡ್ಡ ಹತ್ತು ಚೌಕುಳಿಗಳ ಹಾಳೆ, ನಾಲ್ಕು ಕವಡೆ, ಒಂದು ಸೀಸದಕಡ್ಡಿ ಇದ್ದರೆ ಸಾಕು. ಅಂಗಾತವಾಗಿ ಬಿದ್ದ ಕವಡೆಗಳ ಸಂಖ್ಯೆಯನ್ನು ಎಣಿಕೆಯೆಂದು ಕರೆಯೋಣ. ಅದು ಸೊನ್ನೆಯಿಂದ ನಾಲ್ಕರವರೆಗೆ ಇರುತ್ತದೆ. ಮೊದಲು ಭೂಮಿಯ ಎತ್ತರ. ಪ್ರತಿ ಚೌಕಕ್ಕೂ ಬೇರೆ ಬೇರೆಯಾಗಿ ಕವಡೆ ಚೆಲ್ಲಿ ಬಂದ ಎಣಿಕೆಯನ್ನೇ ಎತ್ತರವೆಂದು ಬರೆದರೆ ಏನಾಗುತ್ತದೆ? ಸಮುದ್ರದ ಪಕ್ಕದಲ್ಲಿ ಶಿಖರ, ಶಿಖರದ ಪಕ್ಕದಲ್ಲಿ ಮತ್ತೆ ಸಮುದ್ರ. ಜಲ್ಲಿಯ ರಾಶಿಯಂಥ ಭೂಮಿ. ಯದೃಚ್ಛೆಯನ್ನು ಬಿಡಿಯಾಗಿ ಬಿಟ್ಟರೆ ಅದು ನಾಡನ್ನು ಕಟ್ಟಲಾರದು. ಇದನ್ನು ವಿದ್ಯಾರ್ಥಿಗಳು ಒಮ್ಮೆ ಕೈಯಾರೆ ಮಾಡಿಯೇ ನೋಡಬೇಕು.

ಆದಕಾರಣ ನೆರೆಯ ನಿಯಮವೊಂದನ್ನು ಸೇರಿಸುತ್ತೇವೆ. ಸಾಲಿನ ಮೊದಲ ಚೌಕಕ್ಕೆ 6 ಎಂಬ ಎತ್ತರವನ್ನು ಕೊಡತಕ್ಕದ್ದು. ಮುಂದಿನ ಪ್ರತಿ ಚೌಕಕ್ಕೂ ಎಡದ ಚೌಕದ ಎತ್ತರಕ್ಕೆ ಎಣಿಕೆಯನ್ನು ಕೂಡಿಸಿ 2ನ್ನು ಕಳೆಯತಕ್ಕದ್ದು. ಕವಡೆಗಳು ಅನುಕ್ರಮವಾಗಿ 2, 3, 1, 2, 1, 0, 2, 3 ಎಂದು ಬಿದ್ದವೆನ್ನೋಣ. ಆಗ ಎತ್ತರಗಳು 6, 6, 7, 6, 6, 5, 3, 3, 4 ಎಂದಾಗುತ್ತವೆ. ಇದನ್ನು ಕಣ್ಣಿಟ್ಟು ನೋಡಿರಿ. ಮೂರನೆಯ ಚೌಕದಲ್ಲಿ ಒಂದು ದಿಬ್ಬವಿದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆಯು ಪಶ್ಚಿಮಕ್ಕೂ ಪೂರ್ವಕ್ಕೆ ಬಿದ್ದುದು ಪೂರ್ವಕ್ಕೂ ಹೋಗುತ್ತದೆ. ಏಳು-ಎಂಟನೆಯ ಚೌಕಗಳು ತಗ್ಗು. ಉತ್ತರಕ್ಕಾಗಲಿ ದಕ್ಷಿಣಕ್ಕಾಗಲಿ ದಾರಿ ಸಿಗದಿದ್ದರೆ ಅಲ್ಲಿ ನೀರು ನಿಂತು ಕೆರೆಯಾಗುತ್ತದೆ. ಎಂಟು ಎಸೆತಗಳಲ್ಲಿ ಒಂದು ಜಲವಿಭಾಜಕವೂ ಒಂದು ಕೆರೆಯ ಅಂಗಳವೂ ಹುಟ್ಟಿದವು. ಎರಡನೆಯ ಸಾಲಿನಿಂದ ಮುಂದಕ್ಕೆ ಎಡದ ಮತ್ತು ಮೇಲಿನ ಚೌಕಗಳ ಸರಾಸರಿಯನ್ನು ಹಿಡಿಯಬೇಕು. ಅರ್ಧ ಉಳಿದರೆ ಒಂದೇ ಕವಡೆಯನ್ನು ಹಾಕಿ ಏರಿಸುವುದೋ ಇಳಿಸುವುದೋ ಎಂಬುದನ್ನು ತೀರ್ಮಾನಿಸಬಹುದು. ನಮ್ಮ ಸೀಮೆಯಂತೆ ಪಶ್ಚಿಮದಿಂದ ಪೂರ್ವಕ್ಕೆ ಇಳಿಜಾರು ಬೇಕೆಂದವರು ಪ್ರತಿ ಮೂರನೆಯ ಚೌಕದಲ್ಲಿ 2ರ ಬದಲು 3ನ್ನು ಕಳೆಯಲಿ. ಸಹ್ಯಾದ್ರಿಯು ತಾನಾಗಿ ಎಡಕ್ಕೆ ನಿಲ್ಲುತ್ತದೆ.

ಹೊಳೆಗಳಿಗೆ ಕವಡೆಯೇ ಬೇಡ. ಪ್ರತಿ ಚೌಕದ ನೀರು ನೆರೆಯ ನಾಲ್ಕರಲ್ಲಿ ಅತ್ಯಂತ ತಗ್ಗಾದುದಕ್ಕೆ ಹೋಗತಕ್ಕದ್ದು. ಎರಡು ಸಮನಾಗಿದ್ದಲ್ಲಿ ಮಾತ್ರ ಕವಡೆ. ಯದೃಚ್ಛೆಯ ಅಧಿಕಾರವು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕುಗ್ಗುತ್ತಾ ಹೋಗುವುದನ್ನು ಗಮನಿಸಬೇಕು. ಭೂಮಿಯು ಎಸೆತದಿಂದ ಬಂತು, ಆದರೆ ಭೂಮಿ ಬಂದ ಮೇಲೆ ಹೊಳೆಯು ತನ್ನ ದಾರಿಯನ್ನು ಎಸೆತಕ್ಕೆ ಕೇಳುವುದಿಲ್ಲ.

ಊರುಗಳಿಗೆ ಮತ್ತೆ ಕವಡೆ. ಹೊಳೆಗಳ ಸಂಗಮವಿರುವ ಚೌಕದಲ್ಲಿ ಎಣಿಕೆ ಒಂದಾಗಲಿ ಹೆಚ್ಚಾಗಲಿ ಬಿದ್ದರೆ ಊರು ನೆಲೆಸಿತು; ಇದು ಹದಿನಾರರಲ್ಲಿ 15 ಸಲ ಸಂಭವಿಸುತ್ತದೆ. ಹೊಳೆಯ ದಂಡೆಯಲ್ಲಿ ಎರಡಾದರೂ ಬೇಕು, ಹದಿನಾರರಲ್ಲಿ 11. ಒಣಭೂಮಿಯಲ್ಲಿ ನಾಲ್ಕೂ ಅಂಗಾತವಾಗಬೇಕು, ಹದಿನಾರರಲ್ಲಿ 1. ಎಂದರೆ ನೂರು ಒಣ ಚೌಕಗಳಿದ್ದರೆ ಸರಾಸರಿ ಆರು ಊರುಗಳು. ಈ ಆರು ಊರುಗಳೇ ಮುಂದೆ ನಮಗೆ ಬಹಳ ಮುಖ್ಯವಾಗುತ್ತವೆ. ಹೆಸರಿಡಲು ಎರಡು ಪಟ್ಟಿಗಳನ್ನು ಮಾಡಿಕೊಳ್ಳಬಹುದು: ಬೇವು, ಆಲ, ಹುಲಿ, ಕೆಂಪು, ಕಲ್ಲು ಎಂಬ ಪೂರ್ವಪದಗಳದೊಂದು, ಹಾಳ, ಹಟ್ಟಿ, ಕೊಪ್ಪ, ಪುರ, ವಾಡಿ ಎಂಬ ಉತ್ತರಪದಗಳದೊಂದು. ಒಂದೊಂದು ಪಟ್ಟಿಗೆ ಒಂದೊಂದು ಎಸೆತ. ಇಲ್ಲಿಯೂ ಕಟ್ಟಳೆ ಇಲ್ಲದಿದ್ದರೆ ಹೆಸರುಗಳು ನಗೆಪಾಟಲಾಗುತ್ತವೆ. ಬೇಡಕಿಹಾಳ, ಶಮನೇವಾಡಿ, ಬೋರಗಾಂವ, ಕೊಗನೊಳ್ಳಿ, ಸದಲಗಾ, ಗಳತಗಾ ಎಂಬ ನಮ್ಮ ಊರುಗಳ ಹೆಸರುಗಳನ್ನು ಓದಿದರೆ ಉತ್ತರಪದಗಳು ಗುಂಪುಗುಂಪಾಗಿ ಬರುವುದು ಕಾಣುತ್ತದೆ. ನೆರೆಯೂರಿನ ಉತ್ತರಪದವನ್ನೇ ಹಿಡಿಯಲು ಹೆಚ್ಚು ಅವಕಾಶ ಕೊಡುವ ನಿಯಮವನ್ನು ಸೇರಿಸಿದರೆ ಕಲ್ಪಿತ ನಾಡಿನಲ್ಲಿಯೂ ಭಾಷೆಯ ಸೀಮೆಗಳು ಮೂಡುತ್ತವೆ. ಆ ಸೀಮೆಗಳು ಗೆರೆಗಳಾಗಿರದೆ ಒಂದರೊಳಗೊಂದು ಹೊಕ್ಕಿರುತ್ತವೆ.

ಕಾಲಕ್ಕೂ ಇದೇ ವಿಧಿ. ಹತ್ತು ವರ್ಷಕ್ಕೆ ಒಂದು ಎಸೆತವೆಂದಿಟ್ಟುಕೊಂಡು, ಸೊನ್ನೆ ಬಿದ್ದರೆ ಬರಗಾಲವೆಂದು ಬರೆಯೋಣ. ಸರಾಸರಿಯಾಗಿ ಹದಿನಾರು ದಶಕಗಳಿಗೆ ಒಂದು ಬರ. ಆದರೆ ಒಂದು ಬರ ಬಂದ ಮೇಲೆ ಇನ್ನು ಹದಿನಾರು ದಶಕ ನಿಶ್ಚಿಂತೆಯೆಂದು ತಿಳಿಯುವವನು ಮೋಸಹೋಗುತ್ತಾನೆ. ಮುಂದಿನ ಎರಡು ಎಸೆತಗಳೊಳಗೇ ಮತ್ತೊಂದು ಬರ ಬೀಳುವ ಸಂಭವ ನೂರರಲ್ಲಿ ಸುಮಾರು ಹನ್ನೆರಡು. ಮುಂಬಯಿ ಕರ್ನಾಟಕವು 1876-78ರ ಮಹಾ ಬರಗಾಲದಿಂದ ಚೇತರಿಸಿಕೊಂಡು ಇಪ್ಪತ್ತು ವರ್ಷಗಳಾಗುವಷ್ಟರಲ್ಲಿ 1896-97ರ ಬರಗಾಲವನ್ನು ಕಂಡಿತು. ಹೀಗೆ ಒಂದರ ಬೆನ್ನಿಗೆ ಒಂದು ಬಂದುದಕ್ಕೆ ಗುಪ್ತವಾದ ಕಾರಣವನ್ನು ಹುಡುಕುವ ಮೊದಲು ಕವಡೆಯನ್ನು ಕೇಳಬೇಕು. ಮಳೆಯ ಮಟ್ಟಿಗೆ ಈ ಮಾತು. ಮಳೆ ಹೋದ ಮೇಲೆ ರಸ್ತೆಯ ಮೂಲಕ ಧಾನ್ಯವು ಊರಿಗೆ ಬರುವುದೋ ಊರಿನಿಂದ ಹೊರಗೆ ಹೋಗುವುದೋ ಎಂಬುದು ಬೆಲೆಯನ್ನೂ ಆಳುವವರ ನೀತಿಯನ್ನೂ ಅವಲಂಬಿಸಿದೆ. ಅದನ್ನು ಕವಡೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಇಷ್ಟಾದ ಮೇಲೆ ನಮ್ಮ ಕಟ್ಟಳೆಗಳನ್ನು ನಿಜವಾದ ಭೂಮಿಯ ಮೇಲೆ ಪರೀಕ್ಷಿಸೋಣ. ವೇದಗಂಗಾ ಮತ್ತು ದೂಧಗಂಗಾ ನದಿಗಳು ಸಹ್ಯಾದ್ರಿಯಿಂದ ಇಳಿದುಬಂದು, ಒಂದಾಗಿ, ಮುಂದೆ ಕೃಷ್ಣೆಯನ್ನು ಸೇರುತ್ತವೆ. ಅವೆರಡರ ಸಂಗಮದ ಬಳಿಯಲ್ಲಿರುವುದು ಭೋಜ. ನಮ್ಮ ಕಟ್ಟಳೆಯಂತೆ ಊರು ನೆಲೆಸಲು ಅತ್ಯಧಿಕ ಸಂಭವವಿರುವ ಚೌಕ ಅದು; ಊರು ನೆಲೆಸಿಯೂ ಇದೆ. ಇಪ್ಪತ್ತನೆಯ ಶತಮಾನದ ಪ್ರಸಿದ್ಧ ದಿಗಂಬರ ಮುನಿಗಳಾದ ಆಚಾರ್ಯ ಶಾಂತಿಸಾಗರರ ಮನೆತನದ ಊರೆಂದು ಅದಕ್ಕೆ ಕೀರ್ತಿ. ಆದರೆ ಈ ಸೀಮೆಯ ದೊಡ್ಡ ಪೇಟೆಯಾಗಿ ಬೆಳೆದುದು ಭೋಜವಲ್ಲ, ನಿಪ್ಪಾಣಿ. ನಿಪ್ಪಾಣಿಯು ಸಂಗಮದಲ್ಲಿಲ್ಲ. ರೈಲುಮಾರ್ಗವೂ ಅದಕ್ಕೆ ಒದಗಲಿಲ್ಲ. ಅದು ಪೂರ್ವಕ್ಕೆ ಸರಿದು ಮಿರಜ, ಕುಡಚಿ, ರಾಯಬಾಗ, ಘಟಪ್ರಭಾಗಳ ಮೇಲೆ ಹೋಯಿತು. ನಮ್ಮ ಹಾಳೆಯ ಮೇಲೆ ನಿಪ್ಪಾಣಿಯು ನಾಲ್ಕು ಕವಡೆಗಳೂ ಅಂಗಾತ ಬಿದ್ದಾಗ ಮಾತ್ರ ಹುಟ್ಟುವ ಆರು ಊರುಗಳಲ್ಲೊಂದು.

ಹಾಗಾದರೆ ನಿಪ್ಪಾಣಿಯು ಅದೃಷ್ಟದ ಮಾತೇ? ಇಲ್ಲಿ ಅವಸರ ಸಲ್ಲದು. ಕಟ್ಟಳೆ ತಪ್ಪಿದಾಗ ಎರಡು ಸಾಧ್ಯತೆಗಳಿರುತ್ತವೆ: ನಿಜವಾಗಿಯೂ ಅಪರೂಪವಾದುದು ಸಂಭವಿಸಿರಬಹುದು, ಇಲ್ಲವೆ ಕಟ್ಟಳೆಗಳಲ್ಲಿ ಒಂದು ಕೊರತೆಯಿರಬಹುದು. ನಮ್ಮ ನಾಡಿನಲ್ಲಿ ನೀರಿತ್ತು, ದಾರಿಯಿರಲಿಲ್ಲ. ಬೆಳಗಾವಿಯಿಂದ ಕೊಲ್ಲಾಪುರದ ಕಡೆಗೆ, ಮುಂದೆ ಪುಣೆಗೆ ಹೋಗುವ ಹೆದ್ದಾರಿಯ ಮೇಲೆ ನಿಪ್ಪಾಣಿಯಿದೆ; ಅದರ ಹತ್ತಿರದಲ್ಲಿಯೇ ಅದೇ ಹೆದ್ದಾರಿಯ ಘಟ್ಟದಲ್ಲಿ ಸ್ತವನಿಧಿಯ ಕ್ಷೇತ್ರವಿದೆ. ಹೊಳೆಯು ಎರಡು ತಗ್ಗುಗಳನ್ನು ಕೂಡಿಸಿದರೆ ದಾರಿಯು ಎರಡು ಪೇಟೆಗಳನ್ನು ಕೂಡಿಸುತ್ತದೆ. ಎರಡು ದೊಡ್ಡ ಊರುಗಳ ನಡುವೆ ಅತ್ಯಂತ ಕಡಿಮೆ ಏರಿಳಿತದ ಚೌಕಗಳನ್ನು ಹಿಡಿದು ಗೆರೆಯೆಳೆದು, ಆ ಗೆರೆಯ ಮೇಲಿನ ಒಣ ಚೌಕಕ್ಕೆ ನಾಲ್ಕರ ಬದಲು ಎರಡು ಕವಡೆ ಸಾಕೆಂದು ತಿದ್ದಿದರೆ, ನಿಪ್ಪಾಣಿಯ ಸಂಭವವು ಹದಿನಾರರಲ್ಲಿ 1ರಿಂದ 11ಕ್ಕೆ ಏರುತ್ತದೆ.

ಆದರೂ ದಾರಿಯ ಮೇಲೆ ಅನೇಕ ಹಳ್ಳಿಗಳಿವೆ. ಅವುಗಳಲ್ಲಿ ಇದೇ ಏಕೆ? ಎರಡನೆಯ ಬಾಜೀರಾಯನ ಕಾಲದಲ್ಲಿ ಪ್ರಬಲನಾಗಿದ್ದ ಸಿದ್ಧೋಜಿರಾವ್ ನಿಂಬಾಳಕರ ದೇಸಾಯಿಯು ಇಲ್ಲಿ ನೆಲೆಯೂರಿದನು. ಸರದಾರನ ವಾಡೆಯಿದ್ದಲ್ಲಿ ದಂಡು, ದಂಡಿದ್ದಲ್ಲಿ ಸಾಹುಕಾರ, ಸಾಹುಕಾರನಿದ್ದಲ್ಲಿ ಸಂತೆ. ಒಬ್ಬ ದೇಸಾಯಿಯು ಯಾವ ಊರಿನಲ್ಲಿ ಪ್ರಬಲನಾಗುತ್ತಾನೆಂಬುದನ್ನು ಬೆಟ್ಟಹೊಳೆಗಳಿಂದ ಊಹಿಸಲಾಗದು. ಇದು ಕವಡೆಯ ಪಾಲು ಎಂದು ಒಪ್ಪಲು ನಮಗೆ ಸಂಕೋಚವಿಲ್ಲ. ಮುಂದೆ ತಂಬಾಕು ಬಂದಿತು. ಭೂಮಿಯು ಆ ಬೆಳೆಗೆ ತಕ್ಕುದಾಗಿತ್ತು, ಪೇಟೆಯು ಸಿದ್ಧವಾಗಿತ್ತು, ದಾರಿಯೂ ಇತ್ತು; ಬೀಡಿ ತಂಬಾಕಿನ ವ್ಯಾಪಾರದಲ್ಲಿ ನಿಪ್ಪಾಣಿಯ ಹೆಸರು ದೂರದೂರಕ್ಕೆ ಹಬ್ಬಿತು. ಮೊದಲ ಎಸೆತವು ಯದೃಚ್ಛೆಯಾದರೂ ಎರಡನೆಯದು ಅಷ್ಟು ಯದೃಚ್ಛೆಯಾಗಿ ಉಳಿಯಲಿಲ್ಲ. ಪೇಟೆ ಇದ್ದಲ್ಲಿಗೇ ಪೇಟೆ ಬರುತ್ತದೆ. ಆ ದಾರಿಯ ಮಹತ್ವವು 1981ರಲ್ಲಿ ಬಹು ದುಃಖಕರವಾದ ರೀತಿಯಲ್ಲಿ ಪ್ರಕಟವಾಯಿತು. ತಂಬಾಕಿಗೆ ನ್ಯಾಯವಾದ ಬೆಲೆಯನ್ನು ಕೇಳಿದ ಬೆಳೆಗಾರರು ಶರದ್ ಜೋಶಿಯವರ ನಾಯಕತ್ವದಲ್ಲಿ ಕುಳಿತದ್ದು ಇದೇ ಹೆದ್ದಾರಿಯ ಮೇಲೆ. ಏಪ್ರಿಲ್ ತಿಂಗಳಲ್ಲಿ ಪೊಲೀಸರ ಗುಂಡಿಗೆ ರೈತರು ಬಲಿಯಾದದ್ದೂ ಆ ಚಳವಳಿಯಲ್ಲಿಯೇ. ಊರನ್ನು ಬೆಳೆಸಿದ್ದು ಯಾವುದೆಂಬುದನ್ನು ಅವರು ನಮ್ಮ ನಕಾಶೆಗಳಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಸೀಮಾರೇಖೆಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬೇಕು. ಕಲ್ಪಿತ ನಾಡಿನಲ್ಲಿ ಪ್ರತಿ ದೊಡ್ಡ ಊರಿನಿಂದಲೂ ಒಂದೊಂದು ಚೌಕ ಮುಂದುವರಿಯುತ್ತಾ, ಎರಡು ರಾಜ್ಯಗಳು ಸಂಧಿಸಿದಲ್ಲಿ ಕವಡೆ ಹಾಕಿ ಗೆರೆಯೆಳೆಯುವುದು ವಾಡಿಕೆ. ನಿಜವಾದ ಗೆರೆಗಳನ್ನು ಎಳೆದವರು ಆಯೋಗಗಳು ಮತ್ತು ಸಂಸತ್ತು. ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದು, ಅಂದು ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ಕೊಟ್ಟ ವರದಿಯಲ್ಲಿ ಬೆಳಗಾವಿಯು ಮೈಸೂರಿನಲ್ಲಿಯೇ ಉಳಿಯಬೇಕೆಂದೂ ನಿಪ್ಪಾಣಿಯು ಮಹಾರಾಷ್ಟ್ರಕ್ಕೆ ಹೋಗಬೇಕೆಂದೂ, ಸೊಲ್ಲಾಪುರ ಮತ್ತು ಅಕ್ಕಲಕೋಟೆಗಳು ಮೈಸೂರಿಗೆ ಬರಬೇಕೆಂದೂ ಶಿಫಾರಸು ಮಾಡಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಯಾರ ಪಕ್ಷ ಸರಿಯೆಂಬ ಚರ್ಚೆಗೆ ಇದು ಸ್ಥಳವಲ್ಲ. ನಾವು ಹೇಳಬೇಕಾದುದಿಷ್ಟೆ: ಒಂದೇ ಭೂಮಿ, ಒಂದೇ ಹೊಳೆ, ಒಂದೇ ಜನಗಣತಿಗಳನ್ನು ಮುಂದಿಟ್ಟುಕೊಂಡು ವಿವೇಕಿಗಳು ಬೇರೆ ಬೇರೆ ಗೆರೆಗಳನ್ನು ಎಳೆದರು. ಕೊಟ್ಟ ಹಾಳೆಯಿಂದ ಹೊಳೆಯ ದಾರಿಯನ್ನು ಹೇಳಬಲ್ಲ ವಿದ್ಯಾರ್ಥಿಯು ಅದೇ ಹಾಳೆಯಿಂದ ಗೆರೆಯ ದಾರಿಯನ್ನು ಹೇಳಲಾರನು. ಈ ವ್ಯತ್ಯಾಸವನ್ನು ಗಡಿನಾಡಿನ ಕಾಲೇಜುಗಳಲ್ಲಿ ಕಲಿಸುವುದು ಎಷ್ಟು ಕಷ್ಟವೋ ಅಷ್ಟೇ ಅವಶ್ಯ. ತಮ್ಮ ಮನೆಯ ಮೇಲೆಯೇ ಹಾಯ್ದಿರಬಹುದಾದ ಗೆರೆಯನ್ನು ಕುರಿತು ಶಾಂತವಾಗಿ ಮಾತನಾಡುವುದು ತರುಣರಿಗೆ ಸುಲಭವಲ್ಲ. ಮೊದಲು ಯಾರದೂ ಅಲ್ಲದ ನಾಡಿನಲ್ಲಿ ಗೆರೆಯೆಳೆದು ವಾದಿಸಿದವರು ಬಳಿಕ ತಮ್ಮ ನಾಡಿನ ಮಾತನ್ನು ಹೆಚ್ಚು ನಿಧಾನದಿಂದ ಎತ್ತಿಕೊಳ್ಳುವರೆಂದು ನಾವು ನಿರೀಕ್ಷಿಸುತ್ತೇವೆ.

ತರಗತಿಯಲ್ಲಿ ಇದನ್ನು ಮಾಡಿಸುವವರಿಗೆ ಒಂದೆರಡು ಸೂಚನೆಗಳು. ನಾಲ್ಕೈದು ಗುಂಪುಗಳಿಗೆ ಒಂದೇ ಭೂಮಿಯ ಹಾಳೆಯ ಪ್ರತಿಗಳನ್ನು ಹಂಚಿ, ಊರುಗಳನ್ನೂ ರಾಜ್ಯಗಳನ್ನೂ ಪ್ರತಿ ಗುಂಪು ಬೇರೆಬೇರೆಯಾಗಿ ಕವಡೆ ಹಾಕಿ ತುಂಬಲಿ. ಎಲ್ಲ ಹಾಳೆಗಳನ್ನೂ ಗೋಡೆಗೆ ಸಾಲಾಗಿ ಹಚ್ಚಿದಾಗ, ಸಂಗಮದ ಊರು ಹೆಚ್ಚುಕಡಿಮೆ ಎಲ್ಲದರಲ್ಲಿಯೂ ಕಾಣುವುದು, ಒಣಭೂಮಿಯ ಪೇಟೆಯು ಒಂದರಲ್ಲಿ ಒಂದೆಡೆ ಇನ್ನೊಂದರಲ್ಲಿ ಬೇರೊಂದೆಡೆ ಕಾಣುವುದು, ಸೀಮಾರೇಖೆಗಳು ಎಲ್ಲಿಯೂ ಒಂದನ್ನೊಂದು ಹೋಲದಿರುವುದು. ಎರಡನೆಯದಾಗಿ, ಪ್ರತಿ ಎಸೆತವನ್ನೂ ಬಿದ್ದ ಕ್ರಮದಲ್ಲಿಯೇ ಒಂದು ವಹಿಯಲ್ಲಿ ಬರೆದಿಡತಕ್ಕದ್ದು; ಇಷ್ಟವಿಲ್ಲದ ಎಸೆತವನ್ನು ಅಳಿಸಿ ಮತ್ತೆ ಚೆಲ್ಲುವ ಆಸೆಯನ್ನು ತಡೆಯಲು ಇದಕ್ಕಿಂತ ಉತ್ತಮ ಉಪಾಯವಿಲ್ಲ. ಆ ವಹಿಯೇ ಆ ನಾಡಿನ ಬೀಜ. ಹಾಳೆಯು ಹರಿದುಹೋದರೂ, ವಹಿಯೂ ಕಟ್ಟಳೆಗಳೂ ಉಳಿದಿದ್ದರೆ ಮತ್ತೊಬ್ಬ ವಿದ್ಯಾರ್ಥಿಯು ಅದೇ ನಕಾಶೆಯನ್ನು ಗೆರೆ ತಪ್ಪದೆ ತಿರುಗಿ ಬರೆಯಬಲ್ಲನು. ಆದಕಾರಣ ವಹಿಯನ್ನೂ ಹಾಳೆಯನ್ನೂ ಬೇರೆ ಬೇರೆ ಕಡೆ ಇಡುವುದು ಲೇಸು.